ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡೋ ಗಾಡಿಗೆ ಯಾವ ಕ್ಯಾಮ್?

ಹೋದ್ ತಿಂಗ್ಳು ಮಂಡ್ಯದಿಂದ ನಮ್ ಬಾಮೈದ ಫೋನ್ ಮಾಡ್ದ. ಅವ್ನತ್ರ ಒಂದು ಹಳೇ ಕಾರ್ಬುರೇಟರ್ ಮಾರುತಿ 800 ಇದೆ, ಯಾರ್ ಎಷ್ಟ್ ಹೇಳಿದ್ರೂ ಮಾರಲ್ಲ. "ಭಾವ, ಗಾಡಿ ಎಳೀತಾನೇ ಇಲ್ಲ, ದೊಡ್ ಕ್ಯಾಮ್ ಹಾಕ್ಸ್‌ಬುಡಾಣ ಅಂತಿವ್ನಿ, ಏನಂತೀರಿ?" ಅಂದ. ಹಾಕ್ಸಪ್ಪ, ಬೇಡ ಅನ್ನಲ್ಲ, ಆದ್ರೆ ಮನೆಯಿಂದ ಆಲೆಮನೆಗೆ ಹೋಗಿ ಬರೋದ್ರೊಳಗೆ ನಿನ್ ಎಂಜಿನ್ನು ಕಿರುಚ್ಕೊಳ್ಳೋಷ್ಟು ಆರ್‌ಪಿಎಂಗೆ ಹೋಗೋದು ಎಷ್ಟ್ ಸಲ ಅಂತ ಕೇಳ್ದೆ. ಅವ್ನು ಸ್ವಲ್ಪ ಹೊತ್ತು ಸುಮ್ನಿದ್ದು "ಎಲ್ಲಿ ಭಾವ, ಮುಂದ್ಗಡೆ ಯಾವಾಗ್ಲೂ ಕಬ್ಬಿನ್ ಟ್ರ್ಯಾಕ್ಟ್ರು" ಅಂದ.

ಇದನ್ನೆಲ್ಲ ಫೋನಲ್ಲಿ ಹೇಳಿ ಮುಗ್ಸೋಕಾಗಲ್ಲ ಅಂತ ಬರೀತಾ ಇದೀನಿ. ಕ್ಯಾಮ್ ಅಂದ್ರೆ ಎಂಜಿನ್ ವಾಲ್ವ್‌ಗಳನ್ನ ತೆಗೆದು ಮುಚ್ಚೋ ಶಾಫ್ಟು, ಅದ್ರ ವಿಷ್ಯದಲ್ಲಿ ದೊಡ್ದು ಅಂದ್ರೆ ಒಳ್ಳೇದು ಅಂತಲ್ಲ, ನೀವು ದಿನಾ ಯಾವ ಆರ್‌ಪಿಎಂನಲ್ಲಿ ಓಡಿಸ್ತೀರೋ ಅಲ್ಲಿಗೆ ಹೊಂದೋದೇ ಒಳ್ಳೇದು. ಅದೂ ಮುಖ್ಯವಾಗಿ ಒಂದೇ ಒಂದು ಪಾಯಿಂಟ್ ಮೇಲೆ ನಿಂತಿದೆ, ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಮಿಕ್ಸ್ಚರನ್ನ ಸಿಲಿಂಡರೊಳಗೆ ಬಿಡೋ ಬಾಗ್ಲು) ಯಾವಾಗ ಮುಚ್ಕೊಳ್ಳುತ್ತೆ ಅನ್ನೋದು. ಲಿಫ್ಟು ಡ್ಯುರೇಶನ್ನು ಅಂತ ಜನ ಏನೇನೋ ಮಾತಾಡ್ತಾರೆ, ಈ ಪಾಯಿಂಟ್ ಬಗ್ಗೆ ಮಾತ್ರ ಯಾರೂ ಕೇಳಲ್ಲ.

ಮೊದ್ಲು ಕೆಲ್ಸ ಏನು ಅಂತ ನೋಡೋಣ. ಕ್ಯಾಮ್‌ಶಾಫ್ಟ್ ಅಂದ್ರೆ ಒಂದು ಉದ್ದ ರಾಡು, ಅದ್ರ ಮೇಲೆ ಮೊಟ್ಟೆ ಆಕಾರದ ಉಬ್ಬುಗಳು, ಅವೇ ಲೋಬ್. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗ್ಸೋ ಮುಖ್ಯ ಶಾಫ್ಟು) 2 ಸುತ್ತು ತಿರುಗಿದ್ರೆ ಇದು 1 ಸುತ್ತು ತಿರುಗುತ್ತೆ, ಯಾಕಂದ್ರೆ ಎಳ್ಕೊಳ್ಳೋದು, ಒತ್ತೋದು, ಉರಿಯೋದು, ಹೊಗೆ ಬಿಡೋದು ನಾಲ್ಕೂ ಸೇರಿ ಕ್ರ್ಯಾಂಕ್‌ದು 720 ಡಿಗ್ರಿ. ಲೋಬ್ ಎಷ್ಟ್ ಎತ್ರಕ್ಕೆ ವಾಲ್ವನ್ನ ತಳ್ಳುತ್ತೋ ಅದು ಲಿಫ್ಟ್, ಎಷ್ಟ್ ಡಿಗ್ರಿ ಹೊತ್ತು ತೆಗ್ದಿಟ್ಟಿರುತ್ತೋ ಅದು ಡ್ಯುರೇಶನ್. ಲೋಬಿಗೂ ವಾಲ್ವಿಗೂ ನಡುವೆ ರಾಕರ್ ಆರ್ಮ್ ಅನ್ನೋ ಸನ್ನೆಕೋಲು ಇದ್ರೆ ಅದರ ರೇಶಿಯೋ ಸೇರಿ ವಾಲ್ವ್ ಲಿಫ್ಟ್ ಬರುತ್ತೆ, ಲೋಬ್ ಮೇಲಿರೋ ಲಿಫ್ಟೇ ವಾಲ್ವ್ ಲಿಫ್ಟ್ ಅಂದ್ಕೋಬೇಡಿ.

ಅಂದಹಾಗೆ ನಮ್ ಮೈಸೂರಿನ ಹೆಮ್ಮೆ ಯಾದವಗಿರಿ ಫ್ಯಾಕ್ಟ್ರಿ ಜಾವಾ, ಯೆಜ್ಡಿ ಇದಾವಲ್ಲ, ಅವು ಟೂ ಸ್ಟ್ರೋಕ್, ಅದ್ರಲ್ಲಿ ಕ್ಯಾಮೂ ಇಲ್ಲ ವಾಲ್ವೂ ಇಲ್ಲ. ಸಿಲಿಂಡರ್ ಗೋಡೆಯಲ್ಲಿ ಕೊರೆದಿರೋ ಪೋರ್ಟನ್ನ ಪಿಸ್ಟನ್ನೇ ಮುಚ್ಚಿ ತೆಗೆದು ಮಾಡುತ್ತೆ. ಹಂಗಾಗಿ ಹಳೇ ಯೆಜ್ಡಿ ಮೆಕ್ಯಾನಿಕ್‌ಗಳು ಪಿಕಪ್ ಬೇಕು ಅಂದ್ರೆ ಅರ ತಗೊಂಡು ಪೋರ್ಟ್ ಉಜ್ಜೋರು, ಕಾರಲ್ಲಿ ಅದೇ ಕೆಲ್ಸಕ್ಕೆ ಲೋಬ್ ಆಕಾರ ಬದ್ಲಾಯಿಸ್ಬೇಕು. ಉಜ್ಜಿದ್ ಮೇಲೆ ವಾಪಸ್ ಹಾಕೋಕಾಗಲ್ಲ ಅನ್ನೋದು ಮಾತ್ರ ಎರಡಕ್ಕೂ ಒಂದೇ.

ಈಗ ಆ ಮುಚ್ಚೋ ಪಾಯಿಂಟ್. ಪಿಸ್ಟನ್ ಕೆಳಗೆ ಬಂದು ಬಿಡಿಸಿ (ಬಾಟಮ್ ಡೆಡ್ ಸೆಂಟರ್, ಅಂದ್ರೆ ಪಿಸ್ಟನ್ ಇಳಿಯೋ ತಳದ ಕೊನೆ) ಮುಟ್ಟಿ ವಾಪಸ್ ಮೇಲಕ್ಕೆ ಹೊರಟ್ರೂ ಇನ್‌ಟೇಕ್ ವಾಲ್ವ್ ಇನ್ನೂ ತೆಗೆದೇ ಇರುತ್ತೆ. ಯಾಕೆ ಅಂದ್ರೆ ಗಾಳಿಗೂ ತೂಕ ಇದೆ, ಜೋರಾಗಿ ನುಗ್ತಾ ಇರೋ ಗಾಳಿ ಪಿಸ್ಟನ್ ಮೇಲೆ ಬರೋಕೆ ಶುರು ಮಾಡಿದ್ರೂ ಸ್ವಲ್ಪ ಹೊತ್ತು ಒಳಗೆ ನುಗ್ತಾನೇ ಇರುತ್ತೆ, ದಸರಾ ದಿನ ಬಸ್ ಹೊರಟ್ರೂ ಫುಟ್‌ಬೋರ್ಡಿಗೆ ಇನ್ನೂ ನಾಕ್ ಜನ ಹತ್ಕೊಂಡಂಗೆ. ಆದ್ರೆ ಅದು ಆರ್‌ಪಿಎಂ ಜಾಸ್ತಿ ಇದ್ದಾಗ ಮಾತ್ರ. 240 ಡಿಗ್ರಿ ಡ್ಯುರೇಶನ್ ಇರೋ ಕ್ಯಾಮಲ್ಲಿ 6000 ಆರ್‌ಪಿಎಂಗೆ ವಾಲ್ವ್ ತೆಗೆದಿರೋದು ಬರೀ 6.7 ಮಿಲಿಸೆಕೆಂಡು, ಅಷ್ಟ್ರಲ್ಲಿ ಸಿಲಿಂಡರ್ ತುಂಬ್ಬೇಕು, ಅಲ್ಲಿ ಇನ್ನೊಂಚೂರು ಟೈಮ್ ಸಿಕ್ಕಿದ್ರೆ ಲಾಭಾನೇ. ಅದೇ 1500ಕ್ಕೆ ಬನ್ನಿ, 26.7 ಮಿಲಿಸೆಕೆಂಡು ಸಿಗುತ್ತೆ, ಗಾಳಿ ಮೆತ್ತಗೆ ಬಂದು ತುಂಬ್ಕೊಂಡು ಆಗಿರುತ್ತೆ, ಆಮೇಲೂ ವಾಲ್ವ್ ತೆಗೆದಿದ್ರೆ ಪಿಸ್ಟನ್ನು ತುಂಬಿದ್ ಮಿಕ್ಸ್ಚರನ್ನೇ ವಾಪಸ್ ಮ್ಯಾನಿಫೋಲ್ಡಿಗೆ, ಅಂದ್ರೆ ಅದು ಬಂದ ಪೈಪಿಗೇ ತಳ್ಳುತ್ತೆ. ಲೋ ಆರ್‌ಪಿಎಂ ಪಿಕಪ್ ಹೋಗೋದು ಇಲ್ಲೇ.

ಎಷ್ಟ್ ಹೋಗುತ್ತೆ ಅಂತ ಒಂದು ಲೆಕ್ಕ ಹಾಕೋಣ. ಬಿಡಿಸಿ ಆದ್ಮೇಲೆ 48 ಡಿಗ್ರಿಗೆ ಮುಚ್ಚೋ ಕ್ಯಾಮಲ್ಲಿ ಪಿಸ್ಟನ್ ಆಗ್ಲೇ ತನ್ನ ಸ್ಟ್ರೋಕಿನ ಎಂಟ್ನೇ ಒಂದು ಭಾಗ ಮೇಲೆ ಬಂದಿರುತ್ತೆ. 70 ಡಿಗ್ರಿಗೆ ಮುಚ್ಚೋದ್ರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತೀನೇ ಬಂದಿರುತ್ತೆ. ಅಂದ್ರೆ ಬುಕ್ಕಲ್ಲಿ 9ಕ್ಕೆ 1 ಅಂತ ಬರೆದಿರೋ ಕಂಪ್ರೆಶನ್ನು (ಮಿಕ್ಸ್ಚರನ್ನ ಎಷ್ಟ್ ಪಟ್ಟು ಒತ್ತುತ್ತೆ ಅನ್ನೋ ಲೆಕ್ಕ) ಮೊದಲ್ನೇದ್ರಲ್ಲಿ ನಿಜವಾಗಿ 8ರ ಹತ್ರ, ಎರಡ್ನೇದ್ರಲ್ಲಿ 7ರ ಹತ್ರ. ಅದ್ರ ಮೇಲೆ ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ರ, ಮಂಗಳೂರಿಗೆ ಹೋಲಿಸಿದ್ರೆ ನಮ್ ಗಾಳಿ ಮೊದ್ಲೇ ಒಂದು 7 ಪರ್ಸೆಂಟ್ ತೆಳು. ಚಾಮುಂಡಿ ಬೆಟ್ಟದ್ ಮೇಲೆ ಇನ್ನೂ ತೆಳು. ದೊಡ್ ಕ್ಯಾಮ್ ಹಾಕೋರು ಹೆಡ್ ಸ್ಕಿಮ್ಮಿಂಗ್ (ಸಿಲಿಂಡರ್ ಮೇಲಿನ ಮುಚ್ಚಳದ ತಳ ಉಜ್ಜೋದು) ಮಾಡ್ಸಿ ಇಲ್ಲಾ ಪಿಸ್ಟನ್ ಬದ್ಲಾಯ್ಸಿ ಕಂಪ್ರೆಶನ್ ಏರ್ಸೋದು ಇದಕ್ಕೇನೆ, ಶೋಕಿಗಲ್ಲ.

ಇದೆಲ್ಲ ನಂಗೆ ಮೊದ್ಲೇ ಗೊತ್ತಿತ್ತು ಅಂತ ಅಂದ್ಕೋಬೇಡಿ. ನನ್ನತ್ರ ಒಂದು ಕಾರ್ಬುರೇಟರ್ ಮಾರುತಿ ಎಸ್ಟೀಮ್ ಇತ್ತು, 1298 ಸಿಸಿ, ಒಳ್ಳೇ ಎಳೆಯೋ ಗಾಡಿ. ವಯಸ್ಸಿನ್ ಹುಮ್ಮಸ್ಸು, ಒಂದ್ ಕಡೆ ಕ್ಯಾಮ್ ರೀಗ್ರೈಂಡ್ (ಲೋಬನ್ನ ಬೇರೆ ಆಕಾರಕ್ಕೆ ಉಜ್ಜೋದು) ಮಾಡ್ಸಿ ಹಾಕ್ಸ್ಕೊಂಡೆ, 280 ಡಿಗ್ರಿ ಅಂತ ಒಂದು ಚೀಟಿ ಕೊಟ್ರು, ಅದ್ನ ಫ್ರೆಂಡ್ಸಿಗೆಲ್ಲ ತೋರಿಸ್ಕೊಂಡು ಓಡಾಡ್ದೆ. ರಾತ್ರಿ ಖಾಲಿ ರಿಂಗ್ ರೋಡಲ್ಲಿ 4500 ದಾಟಿದ್ ಮೇಲೆ ಅದು ಓಡ್ತಿದ್ ಓಟ ಇವತ್ತಿಗೂ ಮರೆಯೋಕಾಗಲ್ಲ, ಸುಳ್ಳು ಹೇಳಲ್ಲ. ಆದ್ರೆ ಬೆಳಗ್ಗೆ ಆಫೀಸಿಗೆ ಹೋಗುವಾಗ ಸಯ್ಯಾಜಿ ರಾವ್ ರೋಡಲ್ಲಿ ಫಸ್ಟು ಸೆಕೆಂಡು ಗೇರಲ್ಲಿ ಕುದುರೆ ತರ ಎಗರೋದು, ಕ್ಲಚ್ ಮೇಲೆ ಕಾಲು ಇಟ್ಟಿದ್ ಇಟ್ಟಂಗೇ. ಅಮ್ಮನ್ನ ಬೆಟ್ಟಕ್ಕೆ ಕರ್ಕೊಂಡು ಹೋದ್ ದಿನ ತಿರುವಲ್ಲಿ ಸೆಕೆಂಡ್ ಗೇರಲ್ಲಿ ಗಾಡಿ ಉಸಿರು ಕಟ್ಕೊಂಡು ನಿಂತೇಬಿಡ್ತು. ಅಮ್ಮ "ರಿಪೇರಿ ಮಾಡ್ಸಿದೀನಿ ಅಂದೆ, ಇದೇನೋ ಹಿಂಗೆ" ಅಂದ್ರು. ಏನಂತ ಹೇಳೋದು.

ಎಗರೋದಕ್ಕೆ ಕಾರಣ ಓವರ್‌ಲ್ಯಾಪ್. ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರಲ್ಲ, ಅಷ್ಟ್ರಲ್ಲಿ ಇನ್‌ಟೇಕ್ ತೆಗೀತಾ ಇರುತ್ತೆ, ಎರಡೂ ಒಟ್ಟಿಗೆ ತೆಗೆದಿರೋ ಆ ಗ್ಯಾಪು. ಹೈ ಆರ್‌ಪಿಎಂನಲ್ಲಿ ಹೊರಗೆ ಹೋಗೋ ಹೊಗೆಯ ಎಳೆತಕ್ಕೆ ಹೊಸ ಮಿಕ್ಸ್ಚರ್ ಸಲೀಸಾಗಿ ಒಳಗೆ ಬರುತ್ತೆ, ಅಲ್ಲಿ ಅದು ವರ. ಐಡ್ಲಿಂಗಲ್ಲಿ ಉಲ್ಟಾ, ಮ್ಯಾನಿಫೋಲ್ಡಲ್ಲಿ ವ್ಯಾಕ್ಯೂಮ್ ಇರೋದ್ರಿಂದ ಸುಟ್ಟ ಹೊಗೇನೇ ವಾಪಸ್ ಒಳಗೆ ಬಂದು ಸೇರ್ಕೊಳ್ಳುತ್ತೆ, ಒಂದ್ ಸಲ ಉರಿಯುತ್ತೆ ಒಂದ್ ಸಲ ಉರಿಯಲ್ಲ. ಆ ಡುಗು ಡುಗು ಸೌಂಡ್ ಕೇಳಿ ಹುಡುಗ್ರು ಖುಷಿ ಪಡೋದು, ನಿಜ ಹೇಳ್ಬೇಕಂದ್ರೆ ಅದು ಮಿಸ್ಸಿಂಗೇ. ಇದ್ರ ಜೊತೆ ಬ್ರೇಕ್ ಬೂಸ್ಟರ್ ಕೆಲ್ಸ ಮಾಡೋದೂ ಅದೇ ವ್ಯಾಕ್ಯೂಮಲ್ಲಿ, ವ್ಯಾಕ್ಯೂಮ್ ಬಿತ್ತು ಅಂದ್ರೆ ಪೆಡಲ್ ಕಲ್ಲಾಗುತ್ತೆ, ಇದು ತಮಾಷೆ ವಿಷ್ಯ ಅಲ್ಲ. ಎಮಿಶನ್ ಟೆಸ್ಟಲ್ಲೂ ಉರಿಯದೆ ಹೋದ ಪೆಟ್ರೋಲು ಹೈಡ್ರೋಕಾರ್ಬನ್ ರೀಡಿಂಗಲ್ಲಿ ಬಂದು ಕೂರುತ್ತೆ. ಎಂಪಿಎಫ್‌ಐ (ಕಾರ್ಬುರೇಟರ್ ಬದ್ಲು ಇಂಜೆಕ್ಟರ್ ಇರೋ) ಗಾಡಿ ಆದ್ರೆ ಮ್ಯಾನಿಫೋಲ್ಡ್ ಪ್ರೆಶರ್ ಅಳೆಯೋ ಮ್ಯಾಪ್ ಸೆನ್ಸರ್ ತಲೆ ಕೆಟ್ಟು ಎಂಜಿನ್ ಕಂಪ್ಯೂಟರ್ ಇಸಿಯುಗೆ ತಪ್ಪು ಲೆಕ್ಕ ಕೊಡುತ್ತೆ, ಅದಕ್ಕೆ ಮತ್ತೆ ಟ್ಯೂನಿಂಗ್ ಖರ್ಚು.

ಕ್ಯಾಮ್ ಜೊತೆ ಕೊಡೋ ಚೀಟಿ ಓದೋದ್ ಹೆಂಗೆ ಅಂತ ಹೇಳ್ಬಿಡ್ತೀನಿ, ಇದೊಂದು ಬಂದ್ರೆ ಯಾರೂ ನಿಮ್ಗೆ ಟೋಪಿ ಹಾಕೋಕಾಗಲ್ಲ. ನಾಕು ನಂಬರ್ ಇರ್ಬೇಕು. ಉದಾಹರಣೆಗೆ ಇನ್‌ಟೇಕ್ ಟಿಡಿಸಿಗೆ (ಟಾಪ್ ಡೆಡ್ ಸೆಂಟರ್, ಪಿಸ್ಟನ್ ಏರೋ ತುದಿ) 12 ಡಿಗ್ರಿ ಮುಂಚೆ ತೆಗೆದು ಬಿಡಿಸಿ ಆಗಿ 48ಕ್ಕೆ ಮುಚ್ಚುತ್ತೆ, ಎಕ್ಸಾಸ್ಟ್ ಬಿಡಿಸಿಗೆ 52 ಮುಂಚೆ ತೆಗೆದು ಟಿಡಿಸಿ ಆಗಿ 8ಕ್ಕೆ ಮುಚ್ಚುತ್ತೆ ಅಂತಿದೆ ಅಂದ್ಕೊಳ್ಳಿ. ಇನ್‌ಟೇಕ್ ಡ್ಯುರೇಶನ್ನು 12 ಪ್ಲಸ್ 180 ಪ್ಲಸ್ 48, ಒಟ್ಟು 240. ಎಕ್ಸಾಸ್ಟ್ ಕೂಡ 52, 180, 8 ಸೇರಿ 240. ಓವರ್‌ಲ್ಯಾಪ್ 12 ಪ್ಲಸ್ 8, ಅಂದ್ರೆ 20. ಇದು ಮನೆ ಮಂದಿ ಎಲ್ಲ ಓಡಿಸ್ಬೋದಾದ ಕ್ಯಾಮ್. ಈಗ 30, 70, 72, 28 ಅಂತಿರೋ ಚೀಟಿ ತಗೊಳ್ಳಿ, ಡ್ಯುರೇಶನ್ 280, ಓವರ್‌ಲ್ಯಾಪ್ 58, ಹೆಚ್ಚು ಕಮ್ಮಿ ಮೂರು ಪಟ್ಟು. ನನ್ ಎಸ್ಟೀಮ್ ಹಾಳಾಗಿದ್ದು ಇಂತದ್ರಿಂದಾನೇ.

ಒಂದು ಮೋಸ ಇದೆ ಇಲ್ಲಿ, ಡ್ಯುರೇಶನ್ ಯಾವ ಲಿಫ್ಟಲ್ಲಿ ಅಳೆದಿದ್ದು ಅಂತ ಕೇಳ್ಲೇಬೇಕು. ವಾಲ್ವ್ ಸೀಟ್ ಬಿಟ್ಟ ಕ್ಷಣದಿಂದ ಅಳೆದ್ರೆ ನಂಬರ್ ದೊಡ್ಡದಾಗಿ ಕಾಣುತ್ತೆ, 1 ಮಿಲಿಮೀಟರ್ ಎದ್ದ ಮೇಲೆ ಅಳೆದ್ರೆ ಚಿಕ್ಕದಾಗಿ ಕಾಣುತ್ತೆ, ಅಮೇರಿಕಾದವ್ರು 0.050 ಇಂಚಲ್ಲಿ ಅಳೀತಾರೆ. ಒಂದೇ ಕ್ಯಾಮಿಗೆ ಎರಡು ನಂಬರ್ ಬರುತ್ತೆ, ಹಂಗಾಗಿ ಒಬ್ರ 260ನ್ನ ಇನ್ನೊಬ್ರ 260ಗೆ ಹೋಲಿಸೋದು ಮಾರಿನ ಲೆಕ್ಕಾನೂ ಗಜದ ಲೆಕ್ಕಾನೂ ಕಲಸಿದಂಗೆ.

ಅದೇ ನಾಕು ನಂಬರಿಂದ ಲೋಬ್ ಸೆಪರೇಶನ್, ಅಂದ್ರೆ ಇನ್‌ಟೇಕ್ ಲೋಬಿಗೂ ಎಕ್ಸಾಸ್ಟ್ ಲೋಬಿಗೂ ನಡುವಿನ ಅಂತರ ಕೂಡ ಸಿಗುತ್ತೆ. 240ರಲ್ಲಿ ಅರ್ಧ 120, ಅದ್ರಲ್ಲಿ 12 ಕಳೆದ್ರೆ 108, ಇದು ಇನ್‌ಟೇಕ್ ಸೆಂಟರ್. 120ರಲ್ಲಿ 8 ಕಳೆದ್ರೆ 112, ಎಕ್ಸಾಸ್ಟ್ ಸೆಂಟರ್. ಎರಡ್ರ ಸರಾಸರಿ 110. ಇದು 112, 114 ಕಡೆ ಹೋದ್ರೆ ಓವರ್‌ಲ್ಯಾಪ್ ಕಮ್ಮಿ, ಐಡ್ಲಿಂಗ್ ನೀಟು, ಟಾರ್ಕ್ ಅಗಲವಾಗಿ ಹರಡುತ್ತೆ. 106, 104 ಕಡೆ ಬಂದ್ರೆ ನಡು ಆರ್‌ಪಿಎಂನಲ್ಲಿ ಗುದ್ದು ಜೋರು, ಐಡ್ಲಿಂಗ್ ಕೆಟ್ಟದು. ಇದನ್ನ ಆಮೇಲೆ ಬದ್ಲಾಯಿಸೋಕಾಗಲ್ಲ, ಒಂದೇ ಶಾಫ್ಟ್ ಇರೋ ಎಂಜಿನ್ನಲ್ಲಿ ಅದು ಕೆತ್ತಿದ್ ಕೆತ್ತಿದಂಗೆ. ಬದ್ಲಾಯಿಸ್ಬೋದಾದ್ದು ಇಡೀ ಕ್ಯಾಮನ್ನ ಸ್ವಲ್ಪ ಅಡ್ವಾನ್ಸ್ (ಮುಂಚೆ) ಇಲ್ಲಾ ರಿಟಾರ್ಡ್ (ತಡ) ಮಾಡೋದು ಮಾತ್ರ. 4 ಡಿಗ್ರಿ ಅಡ್ವಾನ್ಸ್ ಮಾಡಿದ್ರೆ ಇನ್‌ಟೇಕ್ 4 ಡಿಗ್ರಿ ಬೇಗ ಮುಚ್ಚುತ್ತೆ, ಕೆಳಗಿನ ಎಳೆತ ಜಾಸ್ತಿ, ಮೇಲೆ ಸ್ವಲ್ಪ ಬೇಗ ಸುಸ್ತಾಗುತ್ತೆ. ರಿಟಾರ್ಡ್ ಮಾಡಿದ್ರೆ ಉಲ್ಟಾ.

ನಿಮ್ ಗಾಡಿಗೆ ಯಾವ್ದು ಅಂತ ಗೊತ್ತು ಮಾಡ್ಕೊಳ್ಳೋಕೆ ಒಂದು ವಾರ ಆರ್‌ಪಿಎಂ ತೋರ್ಸೋ ಟ್ಯಾಕೋಮೀಟರ್ ನೋಡಿ, ಪಕ್ಕದಲ್ಲಿ ಕೂತೋರ ಕೈಲಿ ಬರೆಸಿ. ಟ್ಯಾಕೋ ಇಲ್ದಿರೋ 800 ತರದ್ ಗಾಡಿಗೆ ಲೆಕ್ಕ ಸುಲಭ. 145/70 ಆರ್12 ಟೈರಿನ ಸುತ್ತಳತೆ ಸುಮಾರು 1.6 ಮೀಟರ್, 40 ಕಿಲೋಮೀಟರ್ ಸ್ಪೀಡಲ್ಲಿ ಚಕ್ರ ನಿಮಿಷಕ್ಕೆ 417 ಸುತ್ತು, ಅದನ್ನ ಗೇರ್ ಮತ್ತು ಫೈನಲ್ ಡ್ರೈವ್ ರೇಶಿಯೋ ಗುಣಿಸಿದ ನಂಬರಿಂದ ಗುಣಿಸಿ, ಅದು 6 ಅಂತಿದ್ರೆ 2500 ಆರ್‌ಪಿಎಂ. ನೋಡ್ತಾ ನೋಡ್ತಾ ನಿಮಗೇ ಆಶ್ಚರ್ಯ ಆಗುತ್ತೆ. ಊರೊಳಗೆ 1200ರಿಂದ 2500, ಹಂಪುಗಳ ಮಧ್ಯೆ ಸರ್ವೀಸ್ ರೋಡಲ್ಲಿ ಹಂಗೇ, ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿದ್ರೆ ಒಂದೇ ಗೇರಲ್ಲಿ ಒಂದೇ ಆರ್‌ಪಿಎಂ, ಮದ್ದೂರಲ್ಲಿ ವಡೆಗೆ ಇಳಿಯೋ ತನಕ. ನಿಮ್ ಲೆಕ್ಕದಲ್ಲಿ ಮುಕ್ಕಾಲು ಪಾಲು ಟೈಮ್ 3500ರ ಕೆಳಗೇ ಇದೆ ಅಂದ್ರೆ ಕಂಪನಿ ಕ್ಯಾಮನ್ನ ಮುಟ್ಬೇಡಿ. ಆಟೋಕ್ರಾಸಿಗೋ ರ್‍ಯಾಲಿಗೋ ಬೇರೆ ಗಾಡಿ ಇಟ್ಟಿದೀರ, ಅದು ಬೇರೆ ಕತೆ.

ಕಂಪನಿಯವ್ರಿಗೆ ಈ ತಲೆನೋವು ಗೊತ್ತಿಲ್ದೆ ಏನಿಲ್ಲ. ಹೋಂಡಾದವ್ರು 1989ರಲ್ಲಿ ಇಂಟೆಗ್ರಾ ಗಾಡಿಯ ಬಿ16ಎ ಎಂಜಿನ್ನಲ್ಲಿ ವಿಟೆಕ್ ತಂದ್ರು, ಒಂದೇ ಶಾಫ್ಟ್ ಮೇಲೆ ಊರಿಗೊಂದು ಲೋಬು, ಓಟಕ್ಕೊಂದು ಲೋಬು, ಆರ್‌ಪಿಎಂ ಏರಿದಾಗ ಆಯಿಲ್ ಪ್ರೆಶರಲ್ಲಿ ಒಂದು ಪಿನ್ನು ಜಾರಿ ರಾಕರ್‌ಗಳನ್ನ ಒಟ್ಟಿಗೆ ಲಾಕ್ ಮಾಡುತ್ತೆ, 1.6 ಲೀಟರಿಗೆ 160 ಪಿಎಸ್ ತೆಗೆದ್ರು. ನಮ್ಮಲ್ಲಿ ಹಳೇ ಹೋಂಡಾ ಸಿಟಿ 1.5 ವಿಟೆಕ್ 106 ಬಿಎಚ್‌ಪಿ, ಅದಾದ್ಮೇಲೆ ಬಂದ ಐಡಿಎಸ್‌ಐ ಅನ್ನೋ ಎಂಜಿನ್ನಿನ ಸಿಟಿ ಅದೇ 1.5 ಲೀಟರು ಬರೀ 77 ಬಿಎಚ್‌ಪಿ. ಆಗ ಎಲ್ರೂ ನಕ್ಕಿದ್ರು. ಆದ್ರೆ ಐಡಿಎಸ್‌ಐ ಟಾರ್ಕ್ ಪೀಕು 2700 ಆರ್‌ಪಿಎಂಗೇ ಬರ್ತಿತ್ತು, ಊರಲ್ಲಿ ಗೇರ್ ಬದ್ಲಾಯಿಸ್ದೆ ಎಳೀತಿತ್ತು, ಮೈಲೇಜೂ ಕೊಡ್ತಿತ್ತು, ಓಡ್ಸೋನಿಗೆ ಗೊತ್ತು ಅದರ ಸುಖ. ಈಗಿನ ವಿವಿಟಿ (ಓಡ್ತಾನೇ ವಾಲ್ವ್ ಟೈಮಿಂಗ್ ಬದ್ಲಾಯ್ಸೋ) ಗಾಡಿಗಳಲ್ಲಿ ಅಡ್ವಾನ್ಸ್, ರಿಟಾರ್ಡ್ ಆಟವನ್ನ ಕಂಪ್ಯೂಟರೇ ಆಡುತ್ತೆ. 1997ರ ಪ್ರಿಯಸ್ಸಲ್ಲಿ ಟೊಯೋಟಾದವ್ರು ಬೇಕಂತಲೇ ಇನ್‌ಟೇಕನ್ನ ತಡವಾಗಿ ಮುಚ್ಸಿದ್ರು, ಪೆಟ್ರೋಲ್ ಉಳಿಸೋಕೆ, ಕೆಳಗೆ ಕಮ್ಮಿ ಆದ ಎಳೆತವನ್ನ ಮೋಟ್ರು ತುಂಬಿ ಕೊಡುತ್ತೆ. ನಿಮ್ 800ಗೆ ಮೋಟ್ರಿಲ್ಲ.

ಸರಿ, ಗಾಡಿ ಎಳೀತಿಲ್ಲ ಅನ್ನೋರು ಕ್ಯಾಮಿಗೆ ದುಡ್ಡು ಸುರಿಯೋ ಮುಂಚೆ ಇರೋ ಕ್ಯಾಮ್ ಸರಿಯಾಗಿ ಕೂತಿದೆಯಾ ನೋಡಿ. ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದ್ರೆ ಸಾಕು. ಕ್ಯಾಮ್ ಪುಲ್ಲಿಯಲ್ಲಿ 40 ಹಲ್ಲಿದ್ರೆ ಒಂದು ಹಲ್ಲು ಅಂದ್ರೆ ಕ್ಯಾಮ್‌ದು 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ, ಗಾಡಿ ಸ್ಟಾರ್ಟೂ ಆಗುತ್ತೆ, ಓಡೂ ಓಡುತ್ತೆ, ಎಳಿಯಲ್ಲ ಅಷ್ಟೇ. ಮೊದಲ್ನೇ ಸಿಲಿಂಡರನ್ನ ಟಿಡಿಸಿಗೆ ತಂದು ಕ್ರ್ಯಾಂಕ್ ಮಾರ್ಕು ಕ್ಯಾಮ್ ಮಾರ್ಕು ಎರಡನ್ನೂ ನೀವೇ ಕಣ್ಣಲ್ಲಿ ನೋಡಿ, ಬೆಲ್ಟ್ ಹಾಕಿ ಕೈಯಲ್ಲಿ ಎರಡು ಸುತ್ತು ತಿರುಗ್ಸಿ ಮತ್ತೆ ನೋಡಿ. ಆಮೇಲೆ ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪನ್ನ (ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವಿನ ಸಂದು) ಫೀಲರ್ ಗೇಜಲ್ಲಿ, ಮ್ಯಾನುಯಲ್ಲಲ್ಲಿ ಕೊಟ್ಟಿರೋ ಅಳತೆಗೆ ಹೊಂದ್ಸಿ. ಗ್ಯಾಪ್ ಜಾಸ್ತಿ ಆದ್ರೆ ಟಕ್ ಟಕ್ ಸೌಂಡು, ವಾಲ್ವ್ ತಡವಾಗಿ ತೆಗೆದು ಬೇಗ ಮುಚ್ಚುತ್ತೆ. ಗ್ಯಾಪ್ ಕಮ್ಮಿ ಆದ್ರೆ ಸೌಂಡೇ ಇರಲ್ಲ, ಆದ್ರೆ ವಾಲ್ವ್ ಸೀಟಿಗೆ ಪೂರ್ತಿ ಕೂರದೆ ಎಕ್ಸಾಸ್ಟ್ ವಾಲ್ವ್ ಸುಟ್ಟೋಗುತ್ತೆ. ಸೌಂಡ್ ಮಾಡೋ ಟ್ಯಾಪೆಟ್‌ಗಿಂತ ಸುಮ್ನಿರೋ ಟ್ಯಾಪೆಟ್ ಡೇಂಜರು, ಎಲ್‌ಪಿಜಿ ಹಾಕ್ಸಿರೋರಿಗೆ ಇನ್ನೂ. ಇದಾದ್ಮೇಲೆ ಕಂಪ್ರೆಶನ್ ಟೆಸ್ಟು, ವ್ಯಾಕ್ಯೂಮ್ ಗೇಜ್ ಸಿಕ್ಕಿದ್ರೆ ಅದೂ. ಬುಕ್ಕಲ್ಲಿ ಐಡ್ಲಿಂಗಿಗೆ 17ರಿಂದ 21 ಇಂಚು (ಪಾದರಸದ ಲೆಕ್ಕ) ಅಂತಿರುತ್ತೆ, ಅದು ಸಮುದ್ರ ಮಟ್ಟದ್ದು, ನಮ್ ಎತ್ರಕ್ಕೆ ಒಂದು ಎರಡೂವರೆ ಇಂಚು ಕಮ್ಮಿ ಬಂದ್ರೆ ಗಾಬ್ರಿ ಆಗ್ಬೇಡಿ.

ಇಷ್ಟೆಲ್ಲ ಆಗಿಯೂ ಹಾಕ್ಸೇ ಹಾಕಿಸ್ತೀನಿ ಅನ್ನೋರಿಗೆ. ಒಂದೇ ಸಲ 280ಕ್ಕೆ ಹಾರ್ಬೇಡಿ, ಕಂಪನಿ ಡ್ಯುರೇಶನ್‌ಗಿಂತ ಒಂದು 10-15 ಡಿಗ್ರಿ ಜಾಸ್ತಿ ಇರೋದಕ್ಕೆ ನಿಲ್ಸಿ, ಸ್ವಲ್ಪ ಲಿಫ್ಟ್ ಜಾಸ್ತಿ ತಗೊಳ್ಳಿ, ಲಿಫ್ಟ್ ಜಾಸ್ತಿ ಆದ್ರೆ ಡ್ಯುರೇಶನ್ನಿನಷ್ಟು ಐಡ್ಲಿಂಗ್ ಕೆಡಲ್ಲ. ಹಳೇ ಸ್ಪ್ರಿಂಗ್ ತಡೆಯುತ್ತಾ ನೋಡಿ, ಪೂರ್ತಿ ಒತ್ತಿದಾಗ ಸುರುಳಿ ಸುರುಳಿಗೆ ತಗಲ್ಬಾರ್ದು. ವಾಲ್ವು ಪಿಸ್ಟನ್ನಿಗೆ ಹೊಡೆಯುತ್ತಾ ಅಂತ ನೋಡೋಕೆ ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಅಂಟ್ಸಿ ಹೆಡ್ ಕೂರ್ಸಿ ಕೈಯಲ್ಲಿ ಎರಡು ಸುತ್ತು ತಿರುಗ್ಸಿ ಬಿಚ್ಚಿ, ಕ್ಲೇ ಅತಿ ತೆಳು ಇರೋ ಜಾಗದಲ್ಲಿ ಇನ್‌ಟೇಕಿಗೆ 2 ಮಿಲಿಮೀಟರು, ಎಕ್ಸಾಸ್ಟಿಗೆ 2.5 ಇರ್ಲಿ. ರೀಗ್ರೈಂಡ್ ಮಾಡಿದ ಕ್ಯಾಮಲ್ಲಿ ಲೋಬಿನ ಬುಡ ಸವೆಸಿರ್ತಾರೆ, ರಾಕರ್ ಕೂರೋ ಕೋನ ಬದ್ಲಾಗಿರುತ್ತೆ, ಅದನ್ನೂ ನೋಡ್ಬೇಕು. ಡಿಗ್ರಿ ವೀಲು ಡಯಲ್ ಗೇಜು ಹಿಡ್ದು ಚೀಟಿಯಲ್ಲಿರೋ ನಂಬರೇ ಬರ್ತಿದೆಯಾ ಅಂತ ಅಳೀದೆ ಕವರ್ ಮುಚ್ಚೋಕೆ ಬಿಡ್ಬೇಡಿ, ನಂದ್ರಲ್ಲಿ ಯಾರೂ ಅಳೆದೇ ಇರ್ಲಿಲ್ಲ. ಲೋಬಿಗೆಲ್ಲ ಅಸೆಂಬ್ಲಿ ಗ್ರೀಸ್ ಹಚ್ಚಿ, ಫಸ್ಟ್ ಸ್ಟಾರ್ಟ್ ಮಾಡಿದ್ಮೇಲೆ ಐಡ್ಲಿಂಗಲ್ಲಿ ಬಿಡ್ದೆ 2000 ಆರ್‌ಪಿಎಂ ಹತ್ರ ಒಂದು 20 ನಿಮಿಷ ಓಡ್ಸಿ, ಲೋಬಿಗೆ ಎಣ್ಣೆ ಚೆನ್ನಾಗಿ ಸಿಗ್ಲಿ. ಹಳೇ ಕ್ಯಾಮನ್ನ ಗುಜರಿಗೆ ಹಾಕ್ಬೇಡಿ, ಎಣ್ಣೆ ಬಟ್ಟೆ ಸುತ್ತಿ ಅಟ್ಟದ್ ಮೇಲೆ ಇಟ್ಕೊಳ್ಳಿ. ನಾನು ಹಂಗೆ ಇಟ್ಟಿದ್ದಕ್ಕೆ ಎಂಟು ತಿಂಗ್ಳು ಆದ್ಮೇಲೆ ವಾಪಸ್ ಹಾಕ್ಸೋಕಾಯ್ತು.

ಬಾಮೈದನ 800 ಭಾನುವಾರ ಮೈಸೂರಿಗೆ ತರ್ಸಿ ಕವರ್ ಬಿಚ್ಚಿ ನೋಡಿದ್ರೆ ಬೆಲ್ಟು ಒಂದು ಹಲ್ಲು ತಪ್ಪಿ ಕೂತಿತ್ತು, ಹೋದ್ ಸಲ ಬೆಲ್ಟ್ ಹಾಕಿದೋರು ಯಾರೋ ಮಾರ್ಕ್ ಸರಿಯಾಗಿ ನೋಡಿಲ್ಲ. ಎರಡು ಎಕ್ಸಾಸ್ಟ್ ಟ್ಯಾಪೆಟ್ ಟೈಟ್ ಆಗಿತ್ತು. ಒಂದು ಬೆಲ್ಟಿನ ದುಡ್ಡು, ಮಧ್ಯಾಹ್ನದ ಊಟ, ಸಂಜೆ ಶ್ರೀರಂಗಪಟ್ಟಣ ದಾಟೋದ್ರೊಳಗೇ ಫೋನು. "ಭಾವ, ಈಗ ಎಂಗ್ ಎಳೀತಾ ಅದೆ ಗೊತ್ತಾ, ಟ್ರ್ಯಾಕ್ಟ್ರನ್ನ ಥರ್ಡಲ್ಲೇ ಹಿಂದಾಕ್ಬುಟ್ಟೆ." ಎರಡು ದಿನ ಬಿಟ್ಟು ಮತ್ತೆ ಮಾಡ್ದ, ಈಗ ಎಳೆತ ಜಾಸ್ತಿ ಆಗಿ ಕ್ಲಚ್ಚು ಜಾರ್ತಾ ಅದಂತೆ.